ನ್ಯಾಯಾಲಯದ ಕಾಗದದಲ್ಲಿರುವ ಇಂಗ್ಲಿಷ್ ಪದಗಳು: ಅರ್ಥ ಮತ್ತು ಕರ್ತವ್ಯ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ನ್ಯಾಯಾಲಯದಿಂದ ಕಾಗದ ಬಂದರೆ, ಅದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಅಥವಾ ಆ ರಾಜ್ಯದ ಭಾಷೆಯಲ್ಲಿ ಇರುತ್ತದೆ. ಸಂವಿಧಾನದ 348ನೆಯ ಅನುಚ್ಛೇದದ ಪ್ರಕಾರ, ಸಂಸತ್ತು ಬೇರೆ ಏರ್ಪಾಡು ಮಾಡುವವರೆಗೆ, ಸರ್ವೋಚ್ಚ ನ್ಯಾಯಾಲಯದ ಮತ್ತು ಉಚ್ಚ ನ್ಯಾಯಾಲಯಗಳ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯತಕ್ಕದ್ದು. ಕೆಳ ನ್ಯಾಯಾಲಯಗಳ ಭಾಷೆಯನ್ನು ರಾಜ್ಯ ಸರ್ಕಾರ ನಿರ್ಧರಿಸುತ್ತದೆಯಾದರೂ ಅಲ್ಲಿಯೂ ಇಂಗ್ಲಿಷ್ ಪದಗಳು ಬಳಕೆಯಲ್ಲಿವೆ. ಅರ್ಥ ತಿಳಿಯದೆ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾದರೆ ಮನೆ, ಹಣ, ಕೆಲವೊಮ್ಮೆ ಸ್ವಾತಂತ್ರ್ಯವನ್ನೇ ಕಳೆದುಕೊಳ್ಳಬೇಕಾದೀತು. ಆದ್ದರಿಂದ ಮುಖ್ಯವಾದ ಕೆಲವು ಪದಗಳ ಅರ್ಥವನ್ನು ಇಲ್ಲಿ ವಿವರಿಸಲಾಗಿದೆ.

ಸಮನ್ಸ್ ಮತ್ತು ವಾರಂಟ್: ನಿಗದಿತ ದಿನ ಹಾಜರಾಗಬೇಕೆಂದು ನ್ಯಾಯಾಲಯ ಕಳುಹಿಸುವ ಕರೆಯೇ ಸಮನ್ಸ್. ಸಾಕ್ಷಿದಾರರಿಗೂ ಸಮನ್ಸ್ ಬರುತ್ತದೆ. ಅದು ಬಂದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ. ದಸ್ತಗಿರಿ ಅಥವಾ ಶೋಧನೆ ಮಾಡಲು ಪೊಲೀಸರಿಗೆ ಕೊಡುವ ಆದೇಶ ವಾರಂಟ್. ಸಮನ್ಸನ್ನು ಕಡೆಗಣಿಸಿದವರ ಮೇಲೆ ವಾರಂಟ್ ಹೊರಡಬಹುದು.

ಎಕ್ಸ್ ಪಾರ್ಟೆ: ಸಿವಿಲ್ ದಾವೆಯಲ್ಲಿ ದಾವೆ ಹೂಡಿದವರು ವಾದಿ, ಉತ್ತರಿಸಬೇಕಾದವರು ಪ್ರತಿವಾದಿ. ಸಾಮಾನ್ಯ ದಾವೆಗಳಲ್ಲಿ ಪ್ರತಿವಾದಿಯು ಸಮನ್ಸ್ ತಲುಪಿದ 30 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ಕಾರಣ ದಾಖಲಿಸಿ ನ್ಯಾಯಾಲಯವು ಈ ಅವಧಿಯನ್ನು 90 ದಿನಗಳವರೆಗೆ ವಿಸ್ತರಿಸಬಹುದು. ಪ್ರತಿವಾದಿ ಹಾಜರಾಗದಿದ್ದರೆ ಪ್ರಕರಣ ಏಕಪಕ್ಷೀಯವಾಗಿ, ಅಂದರೆ ‘ಎಕ್ಸ್ ಪಾರ್ಟೆ’ಯಾಗಿ, ನಡೆಯಬಹುದು. ಹೀಗೆ ಹೊರಟ ಡಿಕ್ರಿಯನ್ನು ರದ್ದುಪಡಿಸುವಂತೆ, ತಕ್ಕ ಕಾರಣವಿದ್ದಲ್ಲಿ, ಡಿಕ್ರಿಯ ದಿನದಿಂದ 30 ದಿನಗಳೊಳಗೆ ಅರ್ಜಿ ಹಾಕಬಹುದು. ಸಮನ್ಸ್ ಸರಿಯಾಗಿ ಜಾರಿಯಾಗದಿದ್ದಲ್ಲಿ, ಡಿಕ್ರಿಯ ವಿಷಯ ತಿಳಿದ ದಿನದಿಂದ ಈ ಅವಧಿಯನ್ನು ಎಣಿಸಲಾಗುತ್ತದೆ.

ಸ್ಟೇ ಮತ್ತು ಇಂಜಂಕ್ಷನ್: ಕನ್ನಡದಲ್ಲಿ ಎರಡನ್ನೂ ‘ತಡೆಯಾಜ್ಞೆ’ ಎನ್ನುವ ರೂಢಿಯಿದೆ. ಆದರೆ ಸ್ಟೇ ಎಂಬುದು ಒಂದು ಆದೇಶದ ಜಾರಿಯನ್ನು ಅಥವಾ ಒಂದು ವ್ಯವಹರಣೆಯನ್ನು ತಡೆಹಿಡಿಯುತ್ತದೆ. ಇಂಜಂಕ್ಷನ್ ಎಂಬುದು ಸಾಮಾನ್ಯವಾಗಿ, ಇಂತಹ ಕೃತ್ಯವನ್ನು ಮಾಡಕೂಡದೆಂದು ವ್ಯಕ್ತಿಗೆ ವಿಧಿಸುವ ನಿರ್ಬಂಧ.

ಎಫ್‌ಐಆರ್: ಇದು ಪ್ರಥಮ ವರ್ತಮಾನ ವರದಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಪ್ರಕರಣದಂತೆ, ಸಂಜ್ಞೇಯ ಅಪರಾಧ ಎಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದು. ದಾಖಲೆಯ ಪ್ರತಿಯನ್ನು ಶುಲ್ಕವಿಲ್ಲದೆ ಪಡೆಯಬಹುದು. ‘ನಾನ್-ಕಾಗ್ನಿಜಬಲ್’ ಎಂದರೆ ಅದು ಅಪರಾಧವೇ ಅಲ್ಲವೆಂದು ಅರ್ಥವಲ್ಲ. ಅಂತಹ ಪ್ರಕರಣದ ತನಿಖೆಗೆ ಪೊಲೀಸರು ಮ್ಯಾಜಿಸ್ಟ್ರೇಟರ ಆದೇಶ ಪಡೆಯಬೇಕು ಎಂದಷ್ಟೇ ಅರ್ಥ.

ಬೇಲ್: ಇದು ಜಾಮೀನು. ‘ಬೇಲಬಲ್’ ಅಪರಾಧಗಳಲ್ಲಿ ಜಾಮೀನು ಆರೋಪಿಯ ಹಕ್ಕು. ‘ನಾನ್-ಬೇಲಬಲ್’ ಎಂದರೆ ಜಾಮೀನು ಎಂದೂ ದೊರೆಯದೆಂದು ಅನೇಕರು ತಿಳಿದಿದ್ದಾರೆ. ಇದು ತಪ್ಪು ಗ್ರಹಿಕೆ. ಅಲ್ಲಿ ಜಾಮೀನು ನ್ಯಾಯಾಲಯದ ವಿವೇಚನೆಗೆ ಸೇರಿದೆ. ಪರವೂರಿನಲ್ಲಿ ಜಾಮೀನುದಾರರು ಸಿಗುವುದು ಕಷ್ಟ. ಜಾಮೀನೀಯ ಅಪರಾಧದಲ್ಲಿ ಬಂಧಿತರಾಗಿ ಒಂದು ವಾರದೊಳಗೆ ಜಾಮೀನು ಒದಗಿಸಲಾಗದವರನ್ನು ನಿರ್ಗತಿಕರೆಂದು ಭಾವಿಸಿ, ಸ್ವಂತ ಮುಚ್ಚಳಿಕೆಯ ಮೇಲೆ ಬಿಡುಗಡೆ ಮಾಡಲು ಸಂಹಿತೆಯಲ್ಲಿ ಅವಕಾಶವಿದೆ.

ಹೇಬಿಯಸ್ ಕಾರ್ಪಸ್: ಇದು ಲ್ಯಾಟಿನ್ ಭಾಷೆಯಿಂದ ಬಂದ ಪದ. ಅಕ್ರಮ ಬಂಧನದಲ್ಲಿರುವವರನ್ನು ಹಾಜರುಪಡಿಸುವಂತೆ ಸರ್ವೋಚ್ಚ ನ್ಯಾಯಾಲಯ ಅಥವಾ ಉಚ್ಚ ನ್ಯಾಯಾಲಯ ಹೊರಡಿಸುವ ಆಜ್ಞೆಗೆ ಈ ಹೆಸರು. ಸಂವಿಧಾನದ 22ನೆಯ ಅನುಚ್ಛೇದದಂತೆ, ಸಾಮಾನ್ಯವಾಗಿ ಬಂಧಿತರಿಗೆ ಬಂಧನದ ಕಾರಣ ತಿಳಿಸಬೇಕು. ಪ್ರಯಾಣದ ವೇಳೆಯನ್ನು ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.

ಭಾಷೆ ಬಾರದೆಂದು ಯಾರೂ ಎದೆಗುಂದಬೇಕಾಗಿಲ್ಲ. ಕ್ರಿಮಿನಲ್ ವಿಚಾರಣೆಯಲ್ಲಿ ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನುಡಿದರೆ, ಅದನ್ನು ಆತನಿಗೆ ಅರ್ಥವಾಗುವ ಭಾಷೆಯಲ್ಲಿ ತೆರೆದ ನ್ಯಾಯಾಲಯದಲ್ಲೇ ವಿವರಿಸಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಹಾಗೂ ಬಂಧನದಲ್ಲಿರುವವರು ವರಮಾನ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಇತರರಿಗೆ ವರಮಾನದ ಮಿತಿಯುಂಟು. ಜಿಲ್ಲಾ ನ್ಯಾಯಾಲಯದ ಕಾನೂನು ಸೇವೆಗಳ ಪ್ರಾಧಿಕಾರವನ್ನಾಗಲಿ, 15100 ಎಂಬ ದೂರವಾಣಿ ಸಂಖ್ಯೆಯನ್ನಾಗಲಿ ಸಂಪರ್ಕಿಸಬಹುದು. ನ್ಯಾಯಾಲಯದ ಕಾಗದ ಕೈಸೇರಿದೊಡನೆ ಅದರ ಮೇಲಿನ ದಿನಾಂಕವನ್ನು ಗುರುತು ಹಾಕಿಕೊಂಡು, ಆ ದಿನಕ್ಕೆ ಮುಂಚೆಯೇ ಸಲಹೆ ಪಡೆಯುವುದು ಕ್ಷೇಮ.