ಬ್ಯಾಸಿಗಿ ಬಂತು, ಮಾಳಿಗಿ ತುಂಬಿತು

ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳ ಉಷ್ಣಾಂಶ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಬೇರೆ ಕಡೆಯಿಂದ ವರ್ಗವಾಗಿ ಬಂದ ನೌಕರರು ಈ ಬಿಸಿಲನ್ನು ಹಿಂದಿನ ಜನ್ಮದ ಪಾಪ ಎಂದುಕೊಂಡು ಕೂಲರ್ ಮುಂದೆ ಕೂರುತ್ತಾರೆ. ಊರಿನ ಹೆಣ್ಣುಮಕ್ಕಳ ಲೆಕ್ಕ ಬೇರೆ. ಅವರಿಗದು ಕಟ್ಟಿಗೆ ಕೇಳದ, ಗ್ಯಾಸ್ ಖರ್ಚಿಲ್ಲದ ಒಲೆ. ಮೇ ತಿಂಗಳಲ್ಲಿ ಮೋಡ ಕವಿದು ಒಂದು ಅಡ್ಡಮಳೆ ಬಿದ್ದರೆ ಊರೆಲ್ಲ ತಂಪಾಯಿತೆಂದು ಹಿಗ್ಗುವಾಗ, ಮಾಳಿಗೆಯ ಮೇಲೆ ಸಂಡಿಗೆ ಹಾಕಿದವಳು ಮಾತ್ರ ಮಳೆಗೆ ಬೈಯುತ್ತ ಮೆಟ್ಟಿಲು ಹತ್ತುತ್ತಾಳೆ.

ಹಿಂಗಾರಿ ಜೋಳದ ರಾಶಿ ಮುಗಿದು, ಯುಗಾದಿ ಕಳೆದು, ಕಾರಹುಣ್ಣಿಮೆಗೆ ಎತ್ತುಗಳು ಕರಿ ಹರಿಯುವವರೆಗೆ ಎರಡು, ಎರಡೂವರೆ ತಿಂಗಳು ಸಿಗುತ್ತದೆ. ಹೊಲದಲ್ಲಿ ಕೆಲಸವಿಲ್ಲ, ಶಾಲೆಗೆ ರಜೆ, ತವರಿಗೆ ಬಂದ ಮಗಳು ಮನೆಯಲ್ಲಿದ್ದಾಳೆ, ತಲೆ ಮೇಲೆ ಬಿಸಿಲಿದೆ. ಈ ನಾಲ್ಕೂ ಒಟ್ಟಿಗೆ ಕೂಡಿಬರುವುದು ವರ್ಷಕ್ಕೊಮ್ಮೆ. ಇಡೀ ವರ್ಷಕ್ಕೆ ಬೇಕಾದ ಶ್ಯಾವಿಗೆ, ಸಂಡಿಗೆ, ಕುರುಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ, ಉಪ್ಪಿನಕಾಯಿ, ಖಾರದ ಪುಡಿ, ಮೇಲೆ ಹೊದೆಯಲು ಕೌದಿ, ಎಲ್ಲವೂ ಈ ಕಿಂಡಿಯಲ್ಲೇ ಆಗಬೇಕು. ನಗರದವರು ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ದುಡ್ಡು ಕೊಟ್ಟು ಕಲಿಸುವ ಹವ್ಯಾಸಗಳ ಜೊತೆ ಇದನ್ನು ಸೇರಿಸಬಾರದು. ಇಲ್ಲಿ ಕೆಲಸ ಕೆಟ್ಟರೆ ಶ್ರಾವಣದ ಹಬ್ಬಕ್ಕೆ ಪಾಯಸವಿಲ್ಲ, ಮಾಗಿಯ ಚಳಿಗೆ ಹೊದಿಕೆಯಿಲ್ಲ.

ಮೊದಲ ಸರದಿ ಖಾರದ್ದು. ಒಣಮೆಣಸಿನಕಾಯಿ ಪೇಟೆಗೆ ಬಂದು ಧಾರಣೆ ಸ್ವಲ್ಪ ಇಳಿಯಿತೆಂದರೆ ಮನೆಮನೆಯಲ್ಲಿ ಒಂದೇ ವಿಚಾರಣೆ: “ಖಾರ ಕುಟ್ಟಿಸಿದ್ರೇನ್ರೀ ವೈನಿ?” ಬಣ್ಣಕ್ಕೆ ಬ್ಯಾಡಗಿ, ಉರಿಗೆ ಗುಂಟೂರು, ಎರಡನ್ನೂ ತೂಗಿ ಬೆರೆಸುವುದು ರೂಢಿ. ತೊಟ್ಟು ಮುರಿದು, ಒಂದೆರಡು ದಿನ ಬಿಸಿಲಿಗೆ ಹಾಕಿ, ಕೊತ್ತಂಬರಿ ಬೀಜ, ಜೀರಿಗೆ, ಲವಂಗ, ದಾಲ್ಚಿನ್ನಿ, ಕಲ್ಲುಹೂವು, ಒಣಕೊಬ್ಬರಿ ಎಲ್ಲವನ್ನೂ ಬೇರೆಬೇರೆಯಾಗಿ ಹುರಿದು ಬೆರೆಸಿದರೆ ಮಸಾಲಿ ಖಾರ. ಖಾರದ ಗಿರಣಿ ಇರುವ ಓಣಿಯಲ್ಲಿ ಆ ದಿನಗಳಲ್ಲಿ ಸೀನದೆ ದಾಟಿದವರಿಲ್ಲ. ಗಂಡಸರ ಪಾಲಿಗೆ ಬರುವುದು ಚೀಲ ಹೊತ್ತು ಗಿರಣಿಗೆ ಹೋಗಿ ಸರದಿ ನಿಲ್ಲುವುದೊಂದೇ. ಅದನ್ನೇ ವರ್ಷವಿಡೀ ಹೇಳಿಕೊಂಡು ತಿರುಗುತ್ತಾರೆ.

ಶ್ಯಾವಿಗೆಯದು ಅಷ್ಟು ಸುಲಭದ ಕೆಲಸವಲ್ಲ. ಜವೆಗೋಧಿ ಇದ್ದರೆ ಉತ್ತಮ. ಸಿಪ್ಪೆ ಬಿಡದ ಈ ಹಳೆಯ ಗೋಧಿಯ ಎಳೆಗೆ ಕೆಂಪು ಛಾಯೆ, ಕುದಿಸಿದರೂ ಒಂದಕ್ಕೊಂದು ಅಂಟುವುದಿಲ್ಲ. ಗೋಧಿಗೆ ನೀರು ಚಿಮುಕಿಸಿ, ಬಟ್ಟೆ ಮುಚ್ಚಿಟ್ಟು, ಹದ ನೋಡಿ ಆರಿಸಿ ಗಿರಣಿಗೆ ಕೊಟ್ಟರೆ ಸಣ್ಣ ರವೆ ಬರುತ್ತದೆ. ಹಿಟ್ಟಿನ ಅಂಶ ಹೋಗುವವರೆಗೆ ಅದನ್ನು ತೆಳು ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ನಾದುವುದು. ಈ ಹಂತದಲ್ಲಿ ಆತುರಪಟ್ಟವರ ಎಳೆ ಮೊಳದುದ್ದಕ್ಕೇ ತುಂಡಾಗುತ್ತದೆ. ಹಿಟ್ಟನ್ನು ಒರಳಲ್ಲಿ ಕುಟ್ಟಿ, ನಾದಿ, ಮತ್ತೆ ಕುಟ್ಟಿ, ಎಳೆದರೆ ಹರಿಯದೆ ಜಗ್ಗುವ ಹದಕ್ಕೆ ತರುತ್ತಾರೆ. ಶ್ಯಾವಿಗೆ ಮಣೆಯೆಂದರೆ ಗೀರುಗಳಿರುವ ಉದ್ದನೆಯ ಹಲಗೆ. ಒಂದು ತುದಿ ಕಟ್ಟೆಗೋ ಮಂಚಕ್ಕೋ ಎತ್ತರದಲ್ಲಿ, ಇನ್ನೊಂದು ನೆಲದ ಕಡೆ. ಕೈ ಪಳಗಿದ ಹಿರಿಯಳು ಕುದುರೆ ಏರಿದಂತೆ ಅದರ ಮೇಲೆ ಕೂತು ಅಂಗೈಯಿಂದ ಹಿಟ್ಟನ್ನು ಒತ್ತಿ ಹೊಸೆಯುತ್ತಾಳೆ. ಕೆಳಗೆ ಕೂತವಳು ಇಳಿದುಬರುವ ಎಳೆಗಳನ್ನು ಹಿಡಿದು ಜಗ್ಗಿ, ಕೋಲಿನ ಮೇಲೆ ಇಳಿಬಿಡುತ್ತಾಳೆ. ಪೂರ್ತಿ ಒಣಗಿ ಗರಿಯಾಗುವ ಮೊದಲೇ ಮಡಚಿ ಸುತ್ತಬೇಕು, ತಡವಾದರೆ ಕೈ ಹಚ್ಚುವಷ್ಟರಲ್ಲಿ ಪುಡಿ. ಒಬ್ಬಳು ಒತ್ತಬೇಕು, ಒಬ್ಬಳು ಹಿಡಿಯಬೇಕು, ಒಬ್ಬಳು ಆರಿಸಬೇಕು. ಹೀಗಾಗಿ ಒಂಟಿ ಮನೆಯಲ್ಲಿ ಶ್ಯಾವಿಗೆ ಆಗುವುದಿಲ್ಲ.

ಅದಕ್ಕೇ ಮುಯ್ಯಿ. ಇವತ್ತು ನಿಮ್ಮ ಮನೆಗೆ ನಾವು ಬಂದರೆ ನಾಳೆ ನಮ್ಮ ಮನೆಗೆ ನೀವು ಬರಬೇಕು. ಹೊಲದಲ್ಲಿ ಕಳೆ ತೆಗೆಯಲು ಹೋಗುವ ಮುಯ್ಯಾಳಿನ ಪದ್ಧತಿಯೇ ಇಲ್ಲಿ ಅಡುಗೆಮನೆಗೆ ಬಂದು ಕೂತಿದೆ. ದುಡ್ಡಿನ ಮಾತಿಲ್ಲ. ಆದರೆ ಲೆಕ್ಕ ಪಕ್ಕಾ ಇರುತ್ತದೆ, ಯಾರು ಯಾರ ಮನೆಗೆ ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ಎದ್ದರು ಎನ್ನುವುದನ್ನು ಯಾರೂ ಮರೆಯುವುದಿಲ್ಲ. ಬೆಳಗಿನ ನಾಲ್ಕೈದು ಗಂಟೆಗೇ ಕೆಲಸ ಹಿಡಿದು ಬಿಸಿಲೇರುವಷ್ಟರಲ್ಲಿ ಮುಗಿಸುತ್ತಾರೆ. ಮಗಳ ಮದುವೆ ಗೊತ್ತಾದ ಮನೆಯಲ್ಲಂತೂ ಎರಡು ಪಟ್ಟು ಕೆಲಸ, ಬೀಗರ ಮನೆಗೆ ಬುಟ್ಟಿ ತುಂಬಿ ಶ್ಯಾವಿಗೆ, ಹಪ್ಪಳ, ಸಂಡಿಗೆ ಹೋಗಬೇಕಲ್ಲ. ರಮಜಾನ್ ಹತ್ತಿರವಿರುವ ವರ್ಷ ಮುಸ್ಲಿಂ ಓಣಿಗಳಲ್ಲಿ ಶೀರ್ ಖುರ್ಮಾಕ್ಕೆ ಸಣ್ಣ ಎಳೆಯ ಶ್ಯಾವಿಗೆ ಬೇಕೆಂದು ಇದೇ ಗಡಿಬಿಡಿ. ಈಗ ಹಲವು ಊರುಗಳಲ್ಲಿ ಮೋಟರಿನ ಶ್ಯಾವಿಗೆ ಯಂತ್ರ ಬಂದಿದೆ. ಹಿಟ್ಟು ಕೊಟ್ಟು ಕಿಲೋ ಲೆಕ್ಕದಲ್ಲಿ ಕೂಲಿ ಕೊಟ್ಟರಾಯಿತು. ಮಣೆಯ ಶ್ಯಾವಿಗೆಯ ರುಚಿಯೇ ಬೇರೆ ಎಂದು ಹೊಗಳುವವರಲ್ಲಿ ಮಣೆ ಹತ್ತಿ ಕೂತವರು ಕಡಿಮೆ. ಸೊಂಟ ಹಿಡಿದುಕೊಂಡವರು ಯಂತ್ರಕ್ಕೇ ಮತ ಹಾಕುತ್ತಾರೆ, ನನ್ನ ಮತವೂ ಅತ್ತಲೇ.

ಕುರುಡಿಗೆ ಮಕ್ಕಳಿಗೆ ಪ್ರಿಯ. ಗೋಧಿಯನ್ನು ಮೂರು ದಿನ ನೆನೆಹಾಕಿ, ದಿನವೂ ನೀರು ಬದಲಿಸಿ, ರುಬ್ಬಿ ಹಾಲು ಹಿಂಡಿ, ರಾತ್ರಿಯಿಡೀ ಇಟ್ಟು, ಮೇಲೆ ನಿಂತ ತಿಳಿನೀರನ್ನು ಚೆಲ್ಲಿ, ತಳದ ಗಟ್ಟಿಯನ್ನು ಉಪ್ಪು ಹಾಕಿ ಕುದಿಸುತ್ತಾರೆ. ಒತ್ತಿಗೆ ಹಾಕುವ ಮೊದಲೇ ಆ ಬಿಸಿ ಹಿಟ್ಟಿಗೆ ಎಣ್ಣೆ ಹಾಕಿಕೊಂಡು ಅರ್ಧ ಪಾತ್ರೆ ಮಕ್ಕಳೇ ಮುಗಿಸುವುದುಂಟು. ಅಕ್ಕಿ ಸಂಡಿಗೆಗೆ ಹಳೆಯ ಧೋತರವೇ ಬೇಕು. ಒದ್ದೆ ಧೋತರ ಹಾಸಿ ಸೌಟಿನಿಂದ ಹಿಟ್ಟು ಬಿಟ್ಟು, ಸಂಜೆ ಬಟ್ಟೆಯನ್ನು ಮಗುಚಿ ಹಿಂಬದಿಗೆ ನೀರು ಚಿಮುಕಿಸಿದರೆ ಸಂಡಿಗೆ ತಾನೇ ಬಿಡುತ್ತದೆ. ಕಲ್ಲು, ಮಣ್ಣಿನ ಮಾಳಿಗೆ ಮನೆಗಳ ಸಪಾಟು ಮೇಲ್ಛಾವಣಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಹವೆಯಲ್ಲಿ ತೇವವಿಲ್ಲದ್ದರಿಂದ ಒಂದೆರಡು ದಿನಕ್ಕೇ ಖಣಖಣ ಒಣಗುತ್ತದೆ, ಬೂಸಲು ಹಿಡಿಯಲು ಸಮಯವೇ ಸಿಗುವುದಿಲ್ಲ. ಕಾಗೆ, ಮಂಗ ಕಾಯಲು ಕೋಲು ಹಿಡಿದ ಹುಡುಗರನ್ನು ಕೂರಿಸುತ್ತಾರೆ. ಮಂಗ ತಿಂದದ್ದೆಷ್ಟು, ಕಾಯುವವರು ತಿಂದದ್ದೆಷ್ಟು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಉಪ್ಪಿನಕಾಯಿಯಲ್ಲಿ ಜಿಲ್ಲೆಯ ಮಾನ್ವಿ ತಾಲ್ಲೂಕಿಗೊಂದು ಪ್ರತ್ಯೇಕ ಕಥೆಯಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯಲು ಶುರುವಾದ ಮೇಲೆ ಎಡದಂಡೆ ಕಾಲುವೆಯ ಸೀಮೆಗೆ ಆಂಧ್ರದ ಕರಾವಳಿ ಜಿಲ್ಲೆಗಳ ರೈತರು ಬಂದು ನೆಲೆನಿಂತರು. ಅವರ ವಸತಿಗಳಿಗೆ ಇಂದಿಗೂ ಕ್ಯಾಂಪ್ ಎಂದೇ ಹೆಸರು. ಅವರ ಜೊತೆ ಸಾಸಿವೆ ಪುಡಿ ಮುಂದು ಮಾಡಿದ ಆವಕಾಯಿಯೂ ಬಂತು. ಮೊದಲೇ ಇದ್ದ ಮೆಂತ್ಯದ ಉಪ್ಪಿನಕಾಯಿಯ ಪಕ್ಕ ಅದೂ ಭರಣಿಯಲ್ಲಿ ಕೂತಿದೆ.

ಕಾಲುವೆ ತಂದ ಬದಲಾವಣೆ ಅಷ್ಟಕ್ಕೇ ನಿಲ್ಲಲಿಲ್ಲ. ಎರಡನೇ ಬೆಳೆಗೆ ನೀರು ಸಿಕ್ಕ ವರ್ಷ ಮಾನ್ವಿ ಸೀಮೆಯಲ್ಲಿ ಬೇಸಿಗೆ ಭತ್ತದ ಕೊಯ್ಲು ಇದೇ ಏಪ್ರಿಲ್, ಮೇ ತಿಂಗಳಿಗೆ ಬಂದು ಬೀಳುತ್ತದೆ. ಆಗ ಬಿಡುವು ಎಂಬುದೇ ಇಲ್ಲ. ಮನೆಯಲ್ಲಿ ಅಕ್ಕಿ ಹೇರಳ, ಸಂಡಿಗೆ ಹಾಕುವ ಕೈ ಮಾತ್ರ ಗದ್ದೆಯಲ್ಲಿ. ದೇವದುರ್ಗ ತಾಲ್ಲೂಕಿನದು ಇನ್ನೊಂದು ಬಗೆ. ನಾರಾಯಣಪುರ ಬಲದಂಡೆ ಕಾಲುವೆ ಮುಟ್ಟದ ಹಳ್ಳಿಗಳಿಂದ, ತಾಂಡಾಗಳಿಂದ ಸುಗ್ಗಿ ಮುಗಿದೊಡನೆ ಜನ ಬೆಂಗಳೂರು, ಪುಣೆ, ಮುಂಬೈ ಕಡೆ ಕಟ್ಟಡದ ಕೆಲಸಕ್ಕೆ ದುಡಿಯಲು ಹೋಗುತ್ತಾರೆ. ಊರಲ್ಲಿ ಉಳಿಯುವವರು ಮುದುಕರು, ಮೊಮ್ಮಕ್ಕಳು. ಬಿಸಿಲು ಹಾಗೇ ಇದೆ, ಮುಯ್ಯಿಗೆ ಬರುವ ಜನ ಇಲ್ಲ. ಹಳೆಯ ಕಸುಬು ಕಡಿಮೆಯಾದದ್ದಕ್ಕೆ ಹೊಸ ಕಾಲದ ಹೆಣ್ಣುಮಕ್ಕಳ ಸೋಮಾರಿತನವನ್ನು ಬೈಯುವವರು ಈ ಎರಡು ತಾಲ್ಲೂಕುಗಳ ಕೂಲಿಯ ಲೆಕ್ಕವನ್ನೊಮ್ಮೆ ನೋಡಬೇಕು.

ಇನ್ನು ಕೌದಿ. ರಾಯಚೂರು ಹತ್ತಿಯ ದೊಡ್ಡ ಮಾರುಕಟ್ಟೆ. ಪಿಂಜಾರರು ಕಮಾನು ಹಿಡಿದು ಓಣಿಗೆ ಬಂದು ಗಾದಿಯ ಹತ್ತಿ ಹಿಂಜಿ ಕೊಡುತ್ತಿದ್ದ ಕಾಲವೂ ಇತ್ತು. ಆದರೂ ಹತ್ತಿ ಬೆಳೆಯುವ ಮನೆ ಮಲಗುವುದು ಹಳೆಯ ಸೀರೆಯ ಕೌದಿಯ ಮೇಲೆ. ಹತ್ತಿ ಮಾರಾಟಕ್ಕೆ, ಹರಕು ಮನೆಗೆ. ನಾಲ್ಕಾರು ಹಳೆಯ ನೂಲಿನ ಸೀರೆ, ಧೋತರಗಳನ್ನು ಸುಕ್ಕಿಲ್ಲದೆ ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಅಂಚಿನಿಂದ ಹೊಲಿಗೆ ಹಿಡಿದು ಸುತ್ತುಸುತ್ತಾಗಿ ನಡುವಿಗೆ ಬರುತ್ತಾರೆ. ಸಾಲುಗಳ ನಡುವೆ ಬೆರಳಗಲ ಅಂತರ ಉಳಿಸಿದರೆ ಕೆಲಸ ಬೇಗ ಸಾಗುತ್ತದೆ. ಒತ್ತೊತ್ತಾಗಿ ಹಾಕಿದರೆ ಎಷ್ಟೋ ವರ್ಷ ಒಗೆದರೂ ಒಳಪದರ ಗಂಟಾಗುವುದಿಲ್ಲ. ನೈಲಾನ್ ಸೀರೆ ಸೂಜಿಗೆ ಜಾರುತ್ತದೆ, ಬೆವರು ಹೀರುವುದಿಲ್ಲ. ಮನೆಯ ಪೆಟ್ಟಿಗೆಗಳಲ್ಲಿ ಪಾಲಿಯೆಸ್ಟರ್ ತುಂಬಿಕೊಂಡಂತೆ ಕೌದಿಗೆ ಬೇಕಾದ ಕಚ್ಚಾಮಾಲೇ ಕಡಿಮೆಯಾಗಿದೆ ಎಂಬುದನ್ನು ಕೌದಿಯ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ಕೆಲವು ಮನೆಗಳಲ್ಲಿ ಕೊನೆಯ ಮೂಲೆ ಮುಚ್ಚುವ ಮುನ್ನ ಒಂದು ಚೂರು ರೊಟ್ಟಿಯನ್ನೋ ನಾಲ್ಕು ಕಾಳನ್ನೋ ಒಳಗಿಟ್ಟು ಹೊಲಿಯುತ್ತಾರೆ. ಕೌದಿ ಹಸಿದಿರಬಾರದಂತೆ. ಹುಟ್ಟಲಿರುವ ಕೂಸಿಗೆ ಅಜ್ಜಿಯ ಮೆತ್ತನೆ ಸೀರೆಯದೇ ಆಗಬೇಕು. ಅದರ ಜೊತೆ ಕುಲಾವಿ, ಕುಂಚಿಗೆಗಳನ್ನೂ ಹೊಲಿದು ತೊಟ್ಟಿಲಿಗೆ ಇಡುತ್ತಾರೆ. ಮನೆಯಲ್ಲಿ ಹೊಲಿಯುವವರಿಲ್ಲದಿದ್ದರೆ ಗೊಂದಲಿಗ ಸಮುದಾಯದ ಹೆಣ್ಣುಮಕ್ಕಳು ಊರೂರು ತಿರುಗುತ್ತ ಕೌದಿ ಹೊಲಿದು ಕೊಡುತ್ತಾರೆ, ಬಟ್ಟೆ ನಿಮ್ಮದು, ಕೂಲಿ ಅವರದು. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಕವಂದಿ ಎಂಬ ಕೌದಿ, ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಕೆಲಸದಿಂದಾಗಿ, ಸಮುದ್ರದಾಚೆಯ ಪ್ರದರ್ಶನಗಳನ್ನು ಕಂಡಿದೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ20 ಸಭೆಯ ಹೊತ್ತಿಗೆ 1,755 ಲಂಬಾಣಿ ಕಸೂತಿ ವಸ್ತುಗಳನ್ನು ಒಂದೆಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಲಾಯಿತು. ದೇವದುರ್ಗದ ತಾಂಡಾಗಳ ಅಜ್ಜಿಯರ ಪೇಟಿಯಾ ಲಂಗ, ಕಾಂಚಳಿ ಕುಬಸಗಳ ಮೇಲೆ ಇರುವುದೂ ಅದೇ ಕನ್ನಡಿ, ಅದೇ ಕವಡೆ. ಅವರ ಮಗಳು ಬೆಂಗಳೂರಿನಲ್ಲಿ ಇಟ್ಟಿಗೆ ಹೊರುತ್ತಿರುತ್ತಾಳೆ.

ಹೊಲಿಗೆ ಯಂತ್ರವಂತೂ ಬೇಸಿಗೆಯಲ್ಲಿ ನಿಲ್ಲುವುದೇ ಇಲ್ಲ. ಎಸ್ಸೆಸ್ಸೆಲ್ಸಿ ಬರೆದ ಹುಡುಗಿಯನ್ನು ಫಲಿತಾಂಶ ಬರುವವರೆಗೆ ಟೇಲರಿಂಗ್ ಕ್ಲಾಸಿಗೆ ಕಳಿಸುವುದು ರಾಯಚೂರಿನ ಮಧ್ಯಮವರ್ಗದ ಹಳೆಯ ಕಟ್ಟಳೆ. ಮೊದಲು ಲಂಗ, ಆಮೇಲೆ ಕುಬಸ. ಕಲಿತ ವಿದ್ಯೆಯ ಮೊದಲ ಬಲಿ ತಾಯಿಯ ರವಿಕೆ ಬಟ್ಟೆ.

ಬೇಕರಿಯ ಮಾತೂ ಇದೆ. ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ಸೀಮೆಯ ಪೇಟೆಗಳಲ್ಲಿ ಭಟ್ಟಿಗೆ ಸಾಮಾನು ಕೊಟ್ಟು ಬಿಸ್ಕೀಟು ಮಾಡಿಸುವ ರೂಢಿ ಬೆಳೆಯಿತು. ಮೈದಾ, ಸಕ್ಕರೆ, ತುಪ್ಪ ಅಥವಾ ಡಾಲ್ಡಾ, ಏಲಕ್ಕಿ ಮನೆಯಿಂದ ಒಯ್ದರೆ, ಬ್ರೆಡ್ ತೆಗೆದ ಮೇಲಿನ ಭಟ್ಟಿಯ ಬಿಸಿಯಲ್ಲಿ ನಾನ್‌ಖಟಾಯಿ ಬೇಯುತ್ತದೆ. ಕಿಲೋ ಲೆಕ್ಕದಲ್ಲಿ ಕೂಲಿ. ತಗಡಿನ ಡಬ್ಬಿ ತುಂಬಿ ಮನೆಗೆ ಬಂದ ಬಿಸ್ಕೀಟಿಗೆ ಬೀಗ ಹಾಕಬೇಕಾಗುತ್ತದೆ. ಈಗಿನ ಮಕ್ಕಳು ಮೊಬೈಲ್ ನೋಡಿ ಕುಕ್ಕರಿನ ತಳಕ್ಕೆ ಉಪ್ಪು ಹಾಕಿ, ಸೀಟಿ ತೆಗೆದಿಟ್ಟು ಕೇಕ್ ಮಾಡುತ್ತಾರೆ. ಅಜ್ಜಿಗೆ ಅದು ವಿಚಿತ್ರವೇನಲ್ಲ, ಹೆಂಚಿನ ಮೇಲೆ ಬೆಂದ ಜೋಳದ ರೊಟ್ಟಿಯನ್ನು ಕೆಂಡದ ಬದಿಗೆ ಆನಿಸಿ ಗರಿಗರಿ ಕಟಕ್ ರೊಟ್ಟಿ ಮಾಡಿದ ಕೈ ಅವಳದು. ಕಲಬುರಗಿ ಜಿಲ್ಲೆ ಅದೇ ರೊಟ್ಟಿಗೆ ‘ಕಲಬುರಗಿ ರೊಟ್ಟಿ’ ಎಂಬ ಗುರುತು ಕೊಟ್ಟು, ಹೆಣ್ಣುಮಕ್ಕಳ ಗುಂಪುಗಳ ಮೂಲಕ ದೂರದ ಪೇಟೆಗೂ ಮುಟ್ಟಿಸುತ್ತಿದೆ. ರಾಯಚೂರಿನ ಶ್ಯಾವಿಗೆ, ಕೌದಿಗೂ ಅಂಥ ಒಂದು ದಾರಿ ತೆರೆಯಬಹುದು. ಸ್ತ್ರೀಶಕ್ತಿ, ಸಂಜೀವಿನಿ ಗುಂಪುಗಳು ಊರೂರಲ್ಲಿವೆ, ಮೇಳಗಳಲ್ಲಿ ಹಪ್ಪಳ, ಖಾರದ ಪುಡಿಯ ಪೊಟ್ಟಣಗಳೂ ಕಾಣುತ್ತವೆ. ಒಂದು ಎಚ್ಚರ ಬೇಕು. ಮುಯ್ಯಿಯಲ್ಲಿ ಲೆಕ್ಕಕ್ಕೆ ಬಾರದಿದ್ದ ದುಡಿಮೆಯನ್ನು ಮಾರಾಟದಲ್ಲೂ ಲೆಕ್ಕಕ್ಕೆ ಹಿಡಿಯದೆ, ಸಾಮಾನಿನ ಖರ್ಚಿನ ಮೇಲೆ ನಾಲ್ಕು ರೂಪಾಯಿ ಇಟ್ಟು ಬೆಲೆ ಕಟ್ಟುತ್ತಾರೆ. ಕೊಳ್ಳುವವರೂ ಅದರಲ್ಲೇ ಚೌಕಾಸಿ ಮಾಡುತ್ತಾರೆ.

ಕೌದಿ ಹೊಲಿಸಬೇಕೆಂದಿರುವವರು ಈಗಲೇ ನೂಲಿನ ಸೀರೆಗಳನ್ನು ತೆಗೆದು ಒಗೆದಿಡಿ. ಹೊಸ ಬಟ್ಟೆ ಬೆರೆಸಬೇಡಿ, ಮೊದಲ ಒಗೆತಕ್ಕೇ ಅದು ಕುಗ್ಗಿ ಕೌದಿ ಮುದುಡುತ್ತದೆ. ಹೊಲಿಗೆಯ ಸಾಲು ಎಷ್ಟು ಒತ್ತಾಗಿರಬೇಕೆಂದು ಮೊದಲೇ ಮಾತಾಡಿ, ಕೂಲಿ ನಿಂತಿರುವುದೇ ಅದರ ಮೇಲೆ. ಮೃಗಶಿರಾ ಮಳೆ ಬಿದ್ದ ಮೇಲೆ ಕೇಳಿ ಪ್ರಯೋಜನವಿಲ್ಲ, ಆ ಹೊತ್ತಿಗೆ ಸೂಜಿ ಹಿಡಿದವರೆಲ್ಲ ಬಿತ್ತನೆಗೆ ಹೋಗಿರುತ್ತಾರೆ.