ಗಿಣ್ಣದ ಹಾಲೂ ಸೆರಗಿನ ಮರೆಯೂ

ಬೀಳಗಿ ತಾಲ್ಲೂಕಿನ ನಮ್ಮ ಬಾಡಗಂಡಿಯಲ್ಲಿ ಎಮ್ಮೆ ಈದರೆ ಓಣಿಗೆಲ್ಲ ಹಿಗ್ಗು. ಗಿಣ್ಣದ ಹಾಲಿಗೆ ಬೆಲ್ಲ, ಯಾಲಕ್ಕಿ ಬೆರೆಸಿ ಕಾಸಿ ನೆರೆಮನೆಗಳಿಗೆ ಬಟ್ಟಲು ಕಳಿಸುವುದು ರೂಢಿ. ಮೊದಲ ಪಾಲು ಕರುವಿನದೆಂಬುದನ್ನು ರೈತನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದೇ ಮನೆಯಲ್ಲಿ ಸೊಸೆ ಹೆತ್ತಾಗ ಮಾತ್ರ ಅವಳ ಮೊದಲೆರಡು ದಿನಗಳ ಹಳದಿ ಹಾಲನ್ನು ಹಿಂಡಿ ಚೆಲ್ಲುತ್ತಿದ್ದರು. ಅದು ಕೆಟ್ಟ ಹಾಲು, ಕೂಸಿಗೆ ಅರಗದು ಎಂದು ನನ್ನ ಬಾಲ್ಯದಲ್ಲಿ ಹಿರಿಯ ಹೆಂಗಸರು ಹೇಳುತ್ತಿದ್ದುದನ್ನು ಕೇಳಿದ್ದೇನೆ. ಬದಲಿಗೆ ಜೇನು, ಬೆಲ್ಲದ ನೀರು, ಔಡಲೆಣ್ಣೆ. ಎಮ್ಮೆಯ ಗಿಣ್ಣು ಅಮೃತ, ಹೆಣ್ಣಿನ ಗಿಣ್ಣು ಕೆಟ್ಟದ್ದು! ಆ ದಪ್ಪ ಹಾಲಿನಲ್ಲಿ ರೋಗನಿರೋಧಕ ಅಂಶಗಳೂ ‘ಎ’ ಜೀವಸತ್ವವೂ ಹೇರಳವಾಗಿವೆ. ಅಳತೆಗೆ ಅದು ಕೆಲವೇ ಚಮಚೆ. ಆಗತಾನೆ ಹುಟ್ಟಿದ ಶಿಶುವಿನ ಪುಟ್ಟ ಜಠರಕ್ಕೆ ಅಷ್ಟೇ ಸಾಕು. ಆದರೆ ಆ ಅಲ್ಪತೆಯನ್ನೇ ಕಂಡು “ಹಾಲು ಇಳಿದಿಲ್ಲ” ಎಂದು ಮನೆಮಂದಿ ಗಾಬರಿಯಾಗುತ್ತಾರೆ.

ಇದು ಹಳ್ಳಿಯ ಮೌಢ್ಯವೆಂದು ಪೇಟೆಯ ನಾವು ನಗುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇಕಡಾ 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ನಡೆದವು. ಹುಟ್ಟಿದ ಒಂದು ಗಂಟೆಯೊಳಗೆ ತಾಯ ಹಾಲು ಸಿಕ್ಕಿದ್ದು ಶೇಕಡಾ 41.8ರಷ್ಟು ಮಕ್ಕಳಿಗೆ. ಆಸ್ಪತ್ರೆಯ ಬಾಗಿಲವರೆಗೆ ಬಂದವರು ನಂಬಿಕೆಗಳನ್ನು ಹೊರಗೆ ಬಿಟ್ಟು ಬರುವುದಿಲ್ಲ. ಶಸ್ತ್ರಚಿಕಿತ್ಸೆಯ ಆಯಾಸ, ಸಿಬ್ಬಂದಿಯ ಅವಸರ, ಅತ್ತೆಯ ಮಾತು, ಇವೆಲ್ಲ ಸೇರಿಯೇ ಆ ಒಂದು ಗಂಟೆ ಕಳೆದುಹೋಗುತ್ತದೆ. ತಾಯಿ ಹಾಲೂಡಿಸುವುದು ತಾಯಿಯೊಬ್ಬಳ ನಿರ್ಧಾರವೆಂದು ನಾವು ಭಾವಿಸುವುದೇ ತಪ್ಪು.

ಇನ್ನು ಸೆರಗಿನ ಮಾತು. ಕಬ್ಬಿನ ಕಟಾವಿನ ಕಾಲದಲ್ಲಿ ನಮ್ಮ ಸೀಮೆಯ ಬದುಗಳ ಮೇಲೆ, ಮರಕ್ಕೆ ಕಟ್ಟಿದ ಜೋಳಿಗೆಯಿಂದ ಕೂಸನ್ನೆತ್ತಿ ಹಾಲೂಡಿಸುವ ಹೆಣ್ಣಾಳುಗಳನ್ನು ನೋಡುತ್ತ ಬೆಳೆದವನು ನಾನು. ಅವರೂ ಸೆರಗು ಮರೆಮಾಡುತ್ತಿದ್ದರು. ಕೇಳಿದರೆ, “ಕೂಸಿಗೆ ದೃಷ್ಟಿ ಆಗತೈತ್ರಿ” ಎನ್ನುತ್ತಿದ್ದರು. ಆ ಮರೆ ಕೂಸಿನ ರಕ್ಷಣೆಗೆ. ಪೇಟೆಯ ಬಸ್ಸಿನಲ್ಲಿ, ಕಚೇರಿಯಲ್ಲಿ ಅದೇ ಸೆರಗು ಮರೆಯಾಗುವುದು ನೋಡುವವರ ಸಲುವಾಗಿ. ದೃಷ್ಟಿ ಕೆಟ್ಟದ್ದಾದರೆ ತಪ್ಪು ನೋಡಿದವನದೆಂದು ಹಳ್ಳಿಯ ನಂಬಿಕೆ ಹೇಳುತ್ತಿತ್ತು. ಪೇಟೆಯ ಸಭ್ಯತೆ ಆ ತಪ್ಪನ್ನು ತಾಯಿಗೆ ವರ್ಗಾಯಿಸಿತು.

ಭಾಷೆಯೂ ಹೀಗೆಯೇ ಸೆರಗೆಳೆದುಕೊಂಡಿತು. ಇಲ್ಲಿಂದ ಬಹುದೂರವಲ್ಲದ ಕೂಡಲಸಂಗಮದ ಬಸವಣ್ಣನವರು, ಕಾಯಬೇಕಾದುದೇ ಕೊಂದರೆ ಯಾರಿಗೆ ದೂರಲಿ ಎಂದು ಕೇಳುವ ವಚನದಲ್ಲಿ ತಾಯ ಹಾಲು ವಿಷವಾಗುವ ಚಿತ್ರ ತರುತ್ತಾರೆ. ‘ಮೊಲೆ’ಯೆಂಬ ಅಚ್ಚಗನ್ನಡ ಪದವನ್ನು ಸಂಕೋಚವಿಲ್ಲದೆ ಬಳಸುತ್ತಾರೆ. ನಾವು ‘ಎದೆಹಾಲು’ ಎಂದು ಸರಿದೆವು. ಕರಪತ್ರಗಳಲ್ಲಿ ಅದು ‘ಸ್ತನ್ಯಪಾನ’ವಾಯಿತು.

ನನ್ನದೇ ಸಂಗತಿಯೊಂದನ್ನು ಹೇಳದೆ ಈ ಮಾತು ಮುಗಿಸಲಾರೆ. 1988ರ ಸುಮಾರಿಗೆ ನಾನು ಪಾಠ ಹೇಳುತ್ತಿದ್ದ ಕಾಲೇಜಿಗೆ ಬಾಣಂತನ ಮುಗಿಸಿ ಬಂದ ಸಹೋದ್ಯೋಗಿಯೊಬ್ಬರಿದ್ದರು. ಮಧ್ಯಾಹ್ನ ಅವರ ತಾಯಿ ಕೂಸನ್ನೆತ್ತಿಕೊಂಡು ಬರುತ್ತಿದ್ದರು. ಅಧ್ಯಾಪಕರ ಕೊಠಡಿಯ ಕಪಾಟಿನ ಹಿಂದೆ ಕುಳಿತು ಆಕೆ ಹಾಲೂಡಿಸುತ್ತಿದ್ದರು. ಹಳಗನ್ನಡ ಕಾವ್ಯಗಳ ನಾಯಿಕಾವರ್ಣನೆಯನ್ನು ತರಗತಿಯಲ್ಲಿ ಅಳುಕಿಲ್ಲದೆ ವಿವರಿಸುತ್ತಿದ್ದ ನಾನು, ಆಗ ಕೆಮ್ಮಿ ಹೊರಗೆ ಹೋಗುತ್ತಿದ್ದೆ. ಹಳೆಯ ಉತ್ತರಪತ್ರಿಕೆಗಳನ್ನು ಒಟ್ಟಿದ್ದ, ಕಿಟಕಿಯಿಲ್ಲದ ಕೋಣೆ ಅವರಿಗೆ ‘ಅನುಕೂಲ’ವಾದೀತೆಂದು ಸೂಚಿಸಿದವನೂ ನಾನೇ. ಮಗುವಿಗೆ 15 ತಿಂಗಳಾಗುವವರೆಗೆ ದುಡಿಯುವ ತಾಯಿಗೆ ದಿನಕ್ಕೆರಡು ಬಾರಿ ಹಾಲೂಡಿಸುವ ಬಿಡುವಿರಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆ ಹೇಳಿತ್ತು. ನಮ್ಮಲ್ಲಿ ಯಾರೂ ಅದನ್ನು ಓದಿರಲಿಲ್ಲ.

ಆಕೆ ಆ ಕೋಣೆಗೆ ಹೋದದ್ದು ನಾಲ್ಕು ದಿನ. ಆಮೇಲೆ ಕೂಸು ಕಾಲೇಜಿಗೆ ಬರಲಿಲ್ಲ. ಹಾಲುಪುಡಿಯ ಡಬ್ಬಿಯ ಮೇಲೆ ದುಂಡುಮುಖದ ಮಗು ನಗುತ್ತಿದ್ದ ಕಾಲ ಅದು. ಡಬ್ಬಿಯ ಮೇಲೆ ಶಿಶುವಿನ ಚಿತ್ರವನ್ನೂ ಅದರ ಜಾಹೀರಾತನ್ನೂ ನಿಷೇಧಿಸುವ ಕಾಯ್ದೆ ನಮ್ಮ ದೇಶದಲ್ಲಿ ಬಂದುದು 1992ರಲ್ಲಿ. ಬಾಗಲಕೋಟೆಗೆ ಹೋದಾಗಲೆಲ್ಲ ಆ ಡಬ್ಬಿಯನ್ನು ಅವರಿಗಾಗಿ ತಂದುಕೊಡುತ್ತಿದ್ದೆ. ಉಪಕಾರ ಮಾಡುತ್ತಿದ್ದೇನೆಂದೇ ತಿಳಿದಿದ್ದೆ.