ಗ್ಯಾಸ್ ಗೀಸರ್ ಬಚ್ಚಲಿನ ಹೊರಗಿರಲಿ

ನಿಮ್ಮ ಮನೆಯಲ್ಲಿ ಗ್ಯಾಸ್ ಗೀಸರ್ ಇದೆಯೆ? ಇದ್ದರೆ ಅದನ್ನು ಯಾವ ಗೋಡೆಗೆ ಕೂರಿಸಿದ್ದಾರೆ ಎಂದು ಒಮ್ಮೆ ನೋಡಿ ಬನ್ನಿ. ಬಚ್ಚಲುಮನೆಯ ಒಳಗೋಡೆಗೆ ಇದ್ದರೆ, ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಅಲ್ಲಿಂದ ತೆಗೆಸಿ. ಏಕೆಂದು ತಿಳಿಯಲು ಒಂದಿಷ್ಟು ರಸಾಯನಶಾಸ್ತ್ರ, ಒಂದಿಷ್ಟು ಬಾಯಿಲೆಕ್ಕ ಸಾಕು.

ಚಳಿಗಾಲ ಬಂತೆಂದರೆ ಪತ್ರಿಕೆಗಳಲ್ಲಿ ಇಂಥ ಸುದ್ದಿ ಕಾಣಿಸಿಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಬಾಗಿಲು ಒಡೆದು ನೋಡಿದರೆ ನೆಲದ ಮೇಲೆ ಬಿದ್ದಿದ್ದರು. ತಲೆಬರಹ ಎಷ್ಟೋ ಸಲ ‘ಗೀಸರ್ ಗ್ಯಾಸ್ ಸೋರಿ ಸಾವು’ ಎಂದಿರುತ್ತದೆ. ಆ ತಲೆಬರಹದ ಮೇಲೇ ನನ್ನ ತಕರಾರು. ಸೋರಿದ್ದರೆ ವಾಸನೆ ಬರಬೇಕಿತ್ತು, ನಮ್ಮ ಮನೆಯಲ್ಲಿ ಯಾವ ವಾಸನೆಯೂ ಇಲ್ಲ, ಹಾಗಾಗಿ ನಮಗೇನೂ ಆಗದು ಎಂದು ಓದಿದವರು ನಿರಾಳವಾಗುತ್ತಾರೆ. ಎಲ್‌ಪಿಜಿ ಸೋರಿದರೆ ಮೂಗಿಗೆ ತಿಳಿಯಲೆಂದು ಅದಕ್ಕೆ ಈಥೈಲ್ ಮರ್‌ಕ್ಯಾಪ್ಟನ್ ಎಂಬ ಗಬ್ಬುನಾತದ ರಾಸಾಯನಿಕ ಬೆರೆಸಿರುತ್ತಾರೆ, ನಿಜ. ಆದರೆ ಇಂಥ ಬಹುಪಾಲು ಸಾವುಗಳಿಗೆ ಕಾರಣ ಸೋರಿದ ಅನಿಲವಲ್ಲ, ಹೊತ್ತಿಕೊಂಡು ಉರಿದ ಅನಿಲ. ಉರಿಯುವಾಗ ಆ ಮರ್‌ಕ್ಯಾಪ್ಟನ್ ಕೂಡ ಸುಟ್ಟುಹೋಗುತ್ತದೆ. ಆಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಗಂಟಲು ಉರಿಸುವ ಗುಣವೂ ಇಲ್ಲ.

ಎಲ್‌ಪಿಜಿ ಎಂದರೆ ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯುಟೇನ್. ಸಾಕಷ್ಟು ಆಮ್ಲಜನಕ ಸಿಕ್ಕರೆ ಇವು ಉರಿದು ನೀರಾವಿಯೂ ಕಾರ್ಬನ್ ಡೈಆಕ್ಸೈಡೂ ಆಗುತ್ತವೆ. ಆಮ್ಲಜನಕ ಕಡಿಮೆ ಬಿದ್ದರೆ ದಹನ ಅರೆಬರೆಯಾಗಿ, ಇಂಗಾಲದ ಒಂದು ಪರಮಾಣುವಿಗೆ ಎರಡರ ಬದಲು ಒಂದೇ ಆಮ್ಲಜನಕದ ಪರಮಾಣು ದಕ್ಕುತ್ತದೆ. ಅದೇ ಮಾನಾಕ್ಸೈಡ್. ಒಂದು ಲೀಟರ್ ಪ್ರೊಪೇನ್ ಅನಿಲ ಪೂರ್ತಿ ಉರಿಯಲು ಸುಮಾರು 24 ಲೀಟರ್ ಗಾಳಿ ಬೇಕು. ಬ್ಯುಟೇನ್‌ಗಾದರೆ 31 ಲೀಟರ್.

ಈಗ ಲೆಕ್ಕ. ನಿಮಿಷಕ್ಕೆ ಆರು ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿಯೇರಿಸುವ ಗೀಸರು ಹತ್ತು ಕಿಲೋವಾಟ್‌ಗಿಂತ ಹೆಚ್ಚು ಶಾಖ ಕೊಡಬೇಕು. ಅಂದರೆ ಅಡುಗೆಮನೆಯ ಐದಾರು ದೊಡ್ಡ ಬರ್ನರುಗಳು ಒಟ್ಟಿಗೆ ಉರಿದಂತೆ. ಅದಕ್ಕೆ ನಿಮಿಷಕ್ಕೆ ಸುಮಾರು 200 ಲೀಟರ್ ಗಾಳಿ ಬೇಕಾಗುತ್ತದೆ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಎಂಟು ಅಡಿ ಎತ್ತರದ ಬಚ್ಚಲಿನಲ್ಲಿರುವ ಗಾಳಿ ಹೆಚ್ಚೆಂದರೆ 5,400 ಲೀಟರ್. ಹತ್ತು ನಿಮಿಷದ ಸ್ನಾನ ಮುಗಿಯುವಷ್ಟರಲ್ಲಿ ಗೀಸರು ಅದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಬಳಸಿರುತ್ತದೆ. ಬಾಗಿಲ ಸಂದಿಯಿಂದ ಒಂದಿಷ್ಟು ಹೊಸ ಗಾಳಿ ಬರುತ್ತದೆ, ಸರಿ. ಆದರೆ ಚಳಿಗೆ ಕಿಟಕಿ ಮುಚ್ಚಿ, ಸದ್ದೆಂದು ಎಕ್ಸಾಸ್ಟ್ ಫ್ಯಾನ್ ಆರಿಸಿ, ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಸ್ನಾನಕ್ಕೆ ಹೋದರೆ? ಗಾಳಿಯಲ್ಲಿರುವ ಶೇಕಡಾ 21ರಷ್ಟು ಆಮ್ಲಜನಕ ಕೆಲವೇ ಅಂಶ ಕುಸಿದರೂ ಸಾಕು, ಮಾನಾಕ್ಸೈಡಿನ ಪ್ರಮಾಣ ಸರ್ರನೆ ಏರುತ್ತದೆ. ಕೊನೆಗೆ ಹೋದವರಿಗೆ ಅಪಾಯ ಹೆಚ್ಚು.

ದೇಹದೊಳಗೆ ಅದು ಮಾಡುವ ಕೆಲಸ ಸರಳ. ಶ್ವಾಸಕೋಶದಿಂದ ಆಮ್ಲಜನಕ ಹೊತ್ತೊಯ್ಯುವುದು ರಕ್ತದ ಹಿಮೋಗ್ಲೋಬಿನ್. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಮಾನಾಕ್ಸೈಡ್ ಅದಕ್ಕೆ ಅಂಟಿಕೊಳ್ಳುತ್ತದೆ. ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿದಂತೆ. ಆಮೇಲೆ ಹತ್ತಿದ ಆಮ್ಲಜನಕಕ್ಕೆ ಕೂರಲು ಜಾಗವಿಲ್ಲ. ಉಳಿದ ಆಮ್ಲಜನಕವನ್ನೂ ಹಿಮೋಗ್ಲೋಬಿನ್ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮಿದುಳು ಮತ್ತು ಹೃದಯಕ್ಕೆ ಮೊದಲ ಪೆಟ್ಟು. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 400 ಪಾಲು ಮಾನಾಕ್ಸೈಡ್ ಇದ್ದರೆ ಒಂದೆರಡು ಗಂಟೆಯಲ್ಲಿ ತಲೆನೋವು ಶುರುವಾಗುತ್ತದೆ. 6,400 ಇದ್ದರೆ ಒಂದೆರಡು ನಿಮಿಷದಲ್ಲೇ ತಲೆಸುತ್ತು, ಕಾಲು ಗಂಟೆಯೊಳಗೆ ಸಾವೂ ಬರಬಹುದು. ಗರ್ಭಿಣಿಯರ ವಿಷಯದಲ್ಲಿ ಇನ್ನೂ ಕಟ್ಟೆಚ್ಚರ ಬೇಕು, ಏಕೆಂದರೆ ಹೊಟ್ಟೆಯೊಳಗಿನ ಮಗುವಿನ ಹಿಮೋಗ್ಲೋಬಿನ್ ಇದನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಈ ಅನಿಲದ ಬೆನ್ನು ಹತ್ತಿದವರಲ್ಲಿ ಸ್ಕಾಟ್ಲೆಂಡಿನ ಶರೀರಶಾಸ್ತ್ರಜ್ಞ ಜಾನ್ ಸ್ಕಾಟ್ ಹಾಲ್ಡೇನ್ ಪ್ರಮುಖ. ಕಲ್ಲಿದ್ದಲ ಗಣಿಯ ಸ್ಫೋಟಗಳಲ್ಲಿ ಸತ್ತವರಲ್ಲಿ ಹೆಚ್ಚಿನವರನ್ನು ಬಲಿತೆಗೆದುಕೊಂಡದ್ದು ಬೆಂಕಿಯಲ್ಲ, ಕಾರ್ಬನ್ ಮಾನಾಕ್ಸೈಡ್ ಎಂದು 1890ರ ದಶಕದಲ್ಲಿ ತೋರಿಸಿದವರು ಅವರು. ಅದಕ್ಕಾಗಿ ತಾವೇ ಆ ಅನಿಲ ಸೇವಿಸಿ ಲಕ್ಷಣಗಳನ್ನು ಬರೆದಿಟ್ಟುಕೊಂಡರು (ಮನೆಯಲ್ಲಿ ಯಾರೂ ಅನುಕರಿಸಬಾರದ ಸಂಶೋಧನೆ!). ಚುರುಕಾಗಿ ಉಸಿರಾಡುವ ಪುಟ್ಟ ಪ್ರಾಣಿಗಳಿಗೆ ವಿಷ ಬೇಗ ತಟ್ಟುತ್ತದೆ, ಆದ್ದರಿಂದ ಅವುಗಳನ್ನು ಗಣಿಯೊಳಗೆ ಒಯ್ಯಿರಿ ಎಂಬ ಸಲಹೆಯೂ ಅವರದೇ. ಬ್ರಿಟನ್ನಿನ ಗಣಿಗಳಲ್ಲಿ ಕೆನರಿ ಹಕ್ಕಿಗಳ ಈ ಕಾವಲು 1986ರವರೆಗೂ ನಡೆಯಿತು.

ನಮ್ಮ ಹಳೆಯ ಬಚ್ಚಲುಗಳ ಹಂಡೆ ಒಲೆಯಲ್ಲೂ ಮಾನಾಕ್ಸೈಡಿಗೇನೂ ಬರವಿರಲಿಲ್ಲ. ಆದರೆ ಹೆಂಚಿನ ಸಂದು, ಬೆಳಕಿಂಡಿ, ಮುರುಕು ಬಾಗಿಲುಗಳಿಂದ ಗಾಳಿ ಆಡುತ್ತಿತ್ತು. ಹೊಗೆ ಕಣ್ಣುರಿಸಿ ಹೊರಗೆ ಓಡಿಸುತ್ತಿತ್ತು. ಟೈಲ್ಸ್ ಹಾಕಿದ, ಪುಟ್ಟ ಕಿಟಕಿಯ ಈಗಿನ ಬಚ್ಚಲಿನಲ್ಲಿ ಗಾಳಿಯೂ ಇಲ್ಲ, ಎಚ್ಚರಿಸುವ ಹೊಗೆಯೂ ಇಲ್ಲ. ಕೆಂಡಕ್ಕೂ ಇದೇ ಮಾತು. ಬಾಣಂತಿ ಕೋಣೆಯ ಬಾಗಿಲು ಕಿಟಕಿ ಮುಚ್ಚಿ, ಬೆಚ್ಚಗಿರಲೆಂದು ರಾತ್ರಿಯಿಡೀ ಅಗ್ಗಿಷ್ಟಿಕೆ ಇಡುವುದು ತಾಯಿ ಮಗು ಇಬ್ಬರಿಗೂ ಅಪಾಯ. ಹೊಗೆಯಾಡುವುದು ನಿಂತ ಕೆಂಡವೂ ಮಾನಾಕ್ಸೈಡನ್ನು ಉಗುಳುತ್ತಲೇ ಇರುತ್ತದೆ.

ಬಚ್ಚಲಲ್ಲಿ ಬಿದ್ದವರೆಲ್ಲ ಸಾಯುವುದಿಲ್ಲ, ಆದರೆ ಕಾರಣ ತಿಳಿಯದೆಯೇ ಮನೆಗೆ ಮರಳುವವರೂ ಇದ್ದಾರೆ. ಪ್ರಜ್ಞೆ ತಪ್ಪಿ ಕೈಕಾಲು ಸೆಟೆದುಕೊಂಡವರನ್ನು ಕಂಡರೆ ಮೂರ್ಛೆರೋಗವೆಂದು ಕೈಗೆ ಕಬ್ಬಿಣ ಹಿಡಿಸುವುದು ನಮ್ಮಲ್ಲಿ ರೂಢಿ. ಗೀಸರಿನ ವಿಷವನ್ನು ಅಪಸ್ಮಾರವೆಂದು ತಪ್ಪಾಗಿ ಭಾವಿಸಿದ ಪ್ರಸಂಗಗಳನ್ನು ಭಾರತದ ವೈದ್ಯರೇ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಕೋವಿಡ್ ಕಾಲದಲ್ಲಿ ಕೊಂಡ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನೂ ಇಲ್ಲಿ ನಂಬಬೇಡಿ. ಮಾನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕ ಹೊತ್ತದ್ದೆಂದೇ ಎಣಿಸಿ 98, 99 ಎಂದು ತೋರಿಸಬಹುದು. ಸ್ನಾನ ಮಾಡಿದಾಗಲೆಲ್ಲ ತಲೆನೋವು, ವಾಕರಿಕೆ, ಕಾಲು ಸೋತಂತಾಗುವುದು, ಹೊರಗೆ ಬಂದೊಡನೆ ಸರಿಹೋಗುವುದು ಇದ್ದರೆ ಪಿತ್ತವೆಂದು ಶುಂಠಿ ಕಷಾಯ ಕುಡಿದು ಸುಮ್ಮನಾಗದೆ ಗೀಸರಿನ ಕಡೆ ನೋಡಿ.

ಯಾರಾದರೂ ಬಿದ್ದರೆ ಮೊದಲು ಬಾಗಿಲು ಕಿಟಕಿ ತೆರೆದು, ಗ್ಯಾಸ್ ಬಂದ್ ಮಾಡಿ, ಅವರನ್ನು ಬಯಲ ಗಾಳಿಗೆ ಎಳೆದು ತನ್ನಿ. ಕೂಡಲೇ 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ‘ಗ್ಯಾಸ್ ಗೀಸರ್ ಇರುವ ಬಚ್ಚಲಲ್ಲಿ ಬಿದ್ದಿದ್ದರು’ ಎಂಬ ಮಾತನ್ನು ಮರೆಯದೆ ಹೇಳಿ. ಸಾಮಾನ್ಯ ಗಾಳಿಯಲ್ಲಿ ರಕ್ತದಲ್ಲಿನ ಮಾನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕರಿಂದ ಆರು ಗಂಟೆ ಬೇಕು. ಮಾಸ್ಕಿನಿಂದ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದು, ಒಂದೂವರೆ ಗಂಟೆ ಸಾಕು. ಚೇತರಿಸಿಕೊಂಡರೆಂದು ವೈದ್ಯರ ಭೇಟಿ ತಪ್ಪಿಸಬೇಡಿ. ಮರೆವು, ನಡವಳಿಕೆಯ ಬದಲಾವಣೆಗಳು ಕೆಲವರಲ್ಲಿ ದಿನಗಳ, ವಾರಗಳ ನಂತರ ತಲೆದೋರುತ್ತವೆ.

ಗ್ಯಾಸ್ ಗೀಸರೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕರೆಂಟು ಹೋದರೂ ಬಿಸಿನೀರು ಕೊಡುವ, ಖರ್ಚಿಗೂ ಹಗುರವಾದ ಸಾಧನ ಅದು. ಗೀಸರೂ ಸಿಲಿಂಡರೂ ಯುಟಿಲಿಟಿ ಅಥವಾ ಬಾಲ್ಕನಿಯಂಥ ಗಾಳಿಯಾಡುವ ಜಾಗದಲ್ಲಿದ್ದು, ಬಿಸಿನೀರಿನ ಪೈಪು ಮಾತ್ರ ಬಚ್ಚಲೊಳಗೆ ಬರಬೇಕು. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎಂಬ ಸಮಾಧಾನ ಬೇಡ. ಗಾಳಿ ಒಳಬರಲು ಕೆಳಗೆ ದಾರಿಯಿಲ್ಲದಿದ್ದರೆ ಅದು ಹೊರಹಾಕುವುದಾದರೂ ಏನನ್ನು? ಜ್ವಾಲೆ ಹಳದಿಗೆ ತಿರುಗಿದರೆ ಅಥವಾ ಮಸಿ ಕಂಡರೆ ತಕ್ಷಣ ಬಳಕೆ ನಿಲ್ಲಿಸಿ, ಮೆಕ್ಯಾನಿಕ್ ಕರೆಸಿ. ಆದರೆ ನೀಲಿ ಜ್ವಾಲೆಯಿದೆ ಎಂದು ಮುಚ್ಚಿದ ಬಚ್ಚಲಿನಲ್ಲಿ ಧೈರ್ಯ ಮಾಡುವಂತಿಲ್ಲ. ಮಾನಾಕ್ಸೈಡ್ ಪತ್ತೆಹಚ್ಚುವ ಅಲಾರಂ ಸಿಗುತ್ತದೆ. ಕೊಳ್ಳುವಾಗ ಎಚ್ಚರ: ಅಡುಗೆಮನೆಯ ಎಲ್‌ಪಿಜಿ ಸೋರಿಕೆಯ ಅಲಾರಂ ಬೇರೆ, ಇದು ಬೇರೆ.

ಗೀಸರು ಹೊರಗೆ ಹೋಗುವವರೆಗೆ ಬಕೆಟ್ ತುಂಬಿಸಿಕೊಂಡು, ಗೀಸರ್ ಆರಿಸಿ, ಬಾಗಿಲು ತೆರೆದಿಟ್ಟು ಗಾಳಿ ಬದಲಾದ ಮೇಲೆ ಸ್ನಾನಕ್ಕೆ ಹೋಗಿ. ಮಕ್ಕಳೂ ವಯಸ್ಸಾದವರೂ ಒಳಗಿನಿಂದ ಚಿಲಕ ಹಾಕುವುದು ಬೇಡ. ಇನ್ನು ಬಾಡಿಗೆಗೆ ಮನೆ ಕೊಡುವವರಲ್ಲಿ ಒಂದು ವಿನಂತಿ. ಗೋಡೆ ಕೊರೆಯಬೇಡಿ, ಪೈಪು ಎಳೆಯಬೇಡಿ ಎಂದು ಬಾಡಿಗೆದಾರರನ್ನು ತಡೆಯಬೇಡಿ. ಮುಂದಿನ ಸಲ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಬಿಸಿನೀರಿನ ಪೈಪನ್ನು ಯುಟಿಲಿಟಿಯವರೆಗೆ ನೀವೇ ಎಳೆಸಿಕೊಡಿ.